ಅಂಗಡಿಯ ಬೀಗದ ಕೈ ಜೊತೆಗೆ ನಾಲ್ಕು ಮಾತು

ಮಗಳೇ, ಬರುವ ಸೋಮವಾರದಿಂದ ತಾಲ್ಲೂಕು ಕಚೇರಿ ಎದುರಿನ ಈ ಜೆರಾಕ್ಸ್ ಅಂಗಡಿ ನಿನ್ನದು. ಟೋನರ್ ಎಲ್ಲಿ ಸಿಗುತ್ತದೆ, ಅರ್ಜಿ ಹೇಗೆ ತುಂಬಬೇಕು, ಯಾರಿಗೆ ಸಾಲ ಬರೆದುಕೊಳ್ಳಬಹುದು ಎನ್ನುವುದನ್ನೆಲ್ಲ ಎರಡು ವರ್ಷ ನನ್ನ ಪಕ್ಕದಲ್ಲೇ ಕೂತು ಕಲಿತಿದ್ದೀಯ. ನಾನು ನಿನಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಈ ಅಂಗಡಿಯ ಕಂಪ್ಯೂಟರ್‌ಗಳಿಗೆ ಎರಡು ಸಲ ದೊಡ್ಡ ಕಾಯಿಲೆ ತಗುಲಿತ್ತು. ಎರಡು ಸಲವೂ ಬಾಗಿಲು ತೆಗೆದವಳು ನಾನೇ, ಎರಡು ಸಲವೂ ನಾನು ಅವಸರದಲ್ಲಿದ್ದೆ.

ದಿನಕ್ಕೆ ನಲವತ್ತು ಐವತ್ತು ಜನ ಬಂದು ಹೋಗುವ ಜಾಗ ಇದು. ಅವರ ಆಧಾರ್, ಪಹಣಿ, ಅಂಕಪಟ್ಟಿ, ಪಾಸ್‌ಬುಕ್ ಎಲ್ಲ ಈ ಪೆಟ್ಟಿಗೆಯೊಳಗೆ ಹೋಗಿ ಬರುತ್ತವೆ. ಮನೆಯ ಕಂಪ್ಯೂಟರ್ ಕೆಟ್ಟರೆ ನಷ್ಟ ನಮಗೆ ಮಾತ್ರ. ಇಲ್ಲಿನದು ಕೆಟ್ಟರೆ, ನಂಬಿ ಕಾಗದ ಕೊಟ್ಟುಹೋದವರ ಮನೆಗೂ ಹೋಗುತ್ತದೆ. ಅದಕ್ಕೇ ಇಷ್ಟು ಬರೆದು ಕೊಡುತ್ತಿದ್ದೇನೆ. ಕೌಂಟರಿನ ಡ್ರಾಯರ್‌ನಲ್ಲಿ ಇಟ್ಟುಕೋ.

• ಮೊದಲು ಪೆನ್‌ಡ್ರೈವ್. ನಾನು ಕಲಿಯುವ ಕಾಲಕ್ಕೆ ಫ್ಲಾಪಿ ಇತ್ತು. ಅಂಗೈ ಅಗಲದ ಆ ಚೌಕದ ಮೂಲೆಯಲ್ಲಿ ಒಂದು ಪುಟ್ಟ ಜಾರುಬಾಗಿಲು. ಉಗುರಿನಿಂದ ಅದನ್ನು ಸರಿಸಿ ತೂತಿನಲ್ಲಿ ಬೆಳಕು ಕಾಣುವ ಹಾಗೆ ಮಾಡಿದರೆ, ಕಂಪ್ಯೂಟರ್ ಅದನ್ನು ಓದಬಹುದಿತ್ತು, ಅದರ ಮೇಲೆ ಬರೆಯಲಾಗುತ್ತಿರಲಿಲ್ಲ. ಬೇರೆಯವರ ಯಂತ್ರಕ್ಕೆ ಹಾಕುವ ಮುಂಚೆ ಆ ಕಿಂಡಿ ತೆರೆಯದಿದ್ದರೆ ನಮ್ಮ ಮೇಷ್ಟ್ರು ಫ್ಲಾಪಿ ಕಿತ್ತುಕೊಳ್ಳುತ್ತಿದ್ದರು. ಈಗಿನ ಪೆನ್‌ಡ್ರೈವ್‌ಗಳಲ್ಲಿ ಹೆಚ್ಚಿನವಕ್ಕೆ ಆ ಕಿಂಡಿ ಇಲ್ಲ. ಹಾಕಿದ ತಕ್ಷಣ ಎರಡೂ ಕಡೆಯಿಂದ ಬಾಗಿಲು ತೆರೆದ ಹಾಗೆ.

2012ರಲ್ಲಿ ಪದವಿ ಕಾಲೇಜಿನ ಹುಡುಗಿಯೊಬ್ಬಳು ಪ್ರಾಜೆಕ್ಟ್ ವರದಿ ಪ್ರಿಂಟ್ ಮಾಡಿಸಲು ಬಂದಳು. ಸಂಜೆ ಆರೂವರೆ, ಬಾಗಿಲಲ್ಲಿ ಹತ್ತು ಜನ. ಅವಳ ಪೆನ್‌ಡ್ರೈವ್ ಹಾಕಿ, ಪ್ರಿಂಟ್ ತೆಗೆದು, ಕೈಗೆ ಕೊಟ್ಟೆ. ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಬಂದು ನಿಂತಿದ್ದಳು. ಅವಳ ಫೋಲ್ಡರ್‌ಗಳೆಲ್ಲ ಮೂಲೆಯಲ್ಲಿ ಸಣ್ಣ ಬಾಣದ ಗುರುತಿರುವ ಶಾರ್ಟ್‌ಕಟ್ ಆಗಿದ್ದವು. ಕಾಲೇಜಿನ ಲ್ಯಾಬ್‌ನಲ್ಲಿ ಹಾಕಿದಾಗ ಅಲ್ಲಿನ ಯಂತ್ರಕ್ಕೂ ತಗುಲಿತ್ತು. ಅವಳ ಕೈಯಲ್ಲಿ ಕಾಯಿಲೆ ಕಳಿಸಿದ್ದು ನಮ್ಮ ಅಂಗಡಿ. ಅವಳಿಗಿಂತ ಮೊದಲು ಎಷ್ಟು ಜನರ ಪೆನ್‌ಡ್ರೈವ್‌ಗೆ ಹೋಗಿತ್ತೋ, ಲೆಕ್ಕ ಹಾಕಲು ಆಗಲಿಲ್ಲ. ಆ ಹುಡುಗಿ ಬೈಯಲಿಲ್ಲ. "ಆಂಟಿ, ನನ್ನ ಫೈಲ್ ಹೋಯ್ತಾ?" ಅಂತ ಮಾತ್ರ ಕೇಳಿದಳು. ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅವಳ ಫೈಲ್ ಹೋಗಿರಲಿಲ್ಲ. ಈ ಜಾತಿಯ ವೈರಸ್ ನಿಜವಾದ ಫೋಲ್ಡರನ್ನು ಅಡಗಿಸಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಎದುರಿಗೆ ಇಡುತ್ತದೆ. ನಾವು ಫೋಲ್ಡರ್ ಅಂದುಕೊಂಡು ಒತ್ತಿದರೆ ವೈರಸ್ಸೂ ಓಡುತ್ತದೆ, ಫೋಲ್ಡರೂ ತೆರೆಯುತ್ತದೆ, ಅನುಮಾನವೇ ಬರುವುದಿಲ್ಲ. ಅಡಗಿಸಿದ ಫೈಲ್‌ಗಳನ್ನು ತೋರಿಸು ಎಂದು ಹಾಕಿ, ಸಿಸ್ಟಂ ಫೈಲ್‌ಗಳನ್ನು ಮುಚ್ಚಿಡುವ ಟಿಕ್ ಗುರುತನ್ನೂ ತೆಗೆದರೆ, ಒಳಗಿನವು ಮಸುಕಾಗಿ ಕಾಣಿಸುತ್ತವೆ. ಅವಳದನ್ನು ಹಾಗೇ ತೆಗೆದುಕೊಟ್ಟೆ.

ಹಾಗಾಗಿ ನಿನ್ನ ರೂಢಿ ಇದು: ಪೆನ್‌ಡ್ರೈವ್ ಹಾಕಿದ ಮೇಲೆ ತೆರೆಯಬೇಡ. ಅದರ ಮೇಲೆ ಬಲಗಡೆ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡು. ಒಂದು ಪುಟದ ಪ್ರಿಂಟ್‌ಗೂ ಮಾಡು, ನಮ್ಮ ಬೀದಿಯವರೇ ತಂದರೂ ಮಾಡು. ಆಮೇಲೆ ಫೋಲ್ಡರ್‌ನ ಮೂಲೆಯಲ್ಲಿ ಬಾಣ ಇದೆಯೇ ನೋಡು. ಇದ್ದರೆ ಒತ್ತಬೇಡ, ತಂದವರಿಗೆ ಮೆಲ್ಲಗೆ ಹೇಳು. ಸಂತೆಯಿಂದ ತಂದ ಹಸುವನ್ನು ನಿಮ್ಮ ತಾತ ನೇರ ಕೊಟ್ಟಿಗೆಗೆ ಬಿಡುತ್ತಿರಲಿಲ್ಲ, ನಾಲ್ಕು ದಿನ ಹಿತ್ತಲಲ್ಲಿ ಬೇರೆ ಕಟ್ಟುತ್ತಿದ್ದರು. ಹಸುವಿನ ಮೇಲೆ ಸಿಟ್ಟಿದ್ದು ಕಟ್ಟುತ್ತಿದ್ದದ್ದಲ್ಲ.

• ಅಂಗಡಿಯ ಪೆನ್‌ಡ್ರೈವನ್ನು ಗಿರಾಕಿಗಳಿಗೆ ಎರವಲು ಕೊಡಬೇಡ.

• ಫೈಲಿನ ಬಾಲ ನೋಡುವುದನ್ನು ಅಭ್ಯಾಸ ಮಾಡಿಕೋ. ಹೆಸರಿನ ಕೊನೆಯ ಚುಕ್ಕೆಯ ಆಚೆ ಇರುವ ಮೂರು ನಾಲ್ಕು ಅಕ್ಷರವೇ ಅದರ ಕುಲ ಹೇಳುತ್ತದೆ. ವಿಂಡೋಸ್ ಅದನ್ನು ತಾನಾಗಿಯೇ ಮುಚ್ಚಿಡುತ್ತದೆ. ಇದು ನನಗೆ ಮೊದಲಿನಿಂದಲೂ ಒಪ್ಪಿಗೆಯಿಲ್ಲದ ಏರ್ಪಾಡು. 2000ದ ಮೇ 4ರಂದು ಲೋಕವೆಲ್ಲ ಹರಡಿದ 'ಐ ಲವ್ ಯು' ವೈರಸ್ ಇದೇ ಸಂದಿಯಲ್ಲಿ ನುಗ್ಗಿತ್ತು. ಪ್ರೇಮಪತ್ರ ಎಂಬ ಹೆಸರು, ಆಮೇಲೆ ಟಿಎಕ್ಸ್‌ಟಿ, ಅದಕ್ಕೂ ಆಚೆ ವಿಬಿಎಸ್ ಎಂಬ ನಿಜವಾದ ಬಾಲ. ವಿಬಿಎಸ್ ಕಾಣದೆ ಹೋದದ್ದರಿಂದ ಜನ ಅದನ್ನು ಬರೀ ಪತ್ರ ಅಂದುಕೊಂಡು ತೆರೆದರು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಅದರೊಳಗೆ ಶೋ, ಅದರೊಳಗೆ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬಲ್ಲಿ ಟಿಕ್ ಹಾಕು. ಹೊರಗಿನಿಂದ ಬಂದ ಫೈಲ್‌ಗೆ ಇಎಕ್ಸ್‌ಇ, ಎಸ್‌ಸಿಆರ್, ವಿಬಿಎಸ್, ಜೆಎಸ್, ಬಿಎಟಿ ಎಂಬ ಬಾಲ ಇದ್ದರೆ ಅದು ಓದುವ ಕಾಗದ ಅಲ್ಲವೇ ಅಲ್ಲ. ಒಂದು ಮಾತು ನೆನಪಿಟ್ಟುಕೋ: ಈ ಟಿಕ್ ಹಾಕಿದರೂ ಶಾರ್ಟ್‌ಕಟ್‌ನ ಬಾಲ ಮಾತ್ರ ಕಾಣುವುದಿಲ್ಲ. ಅದಕ್ಕೆ ಬಾಣವೇ ಗುರುತು.

• ಕ್ರ್ಯಾಕ್ ಹಾಕಿದ ಸಾಫ್ಟ್‌ವೇರ್ ಈ ಅಂಗಡಿಯೊಳಕ್ಕೆ ಬರಕೂಡದು. ಇದನ್ನು ಕೋರಿಕೆ ಎಂದು ತಿಳಿಯಬೇಡ, ಅಪ್ಪಣೆ ಎಂದೇ ತಿಳಿ.

2019ರ ಆಷಾಢ. ಮದುವೆ ಇಲ್ಲದ ತಿಂಗಳು, ಲಗ್ನಪತ್ರಿಕೆ ಕೆಲಸ ನಿಂತಿರುತ್ತದೆ. ಶ್ರಾವಣ ಬರುವಷ್ಟರಲ್ಲಿ ಹೊಸ ಡಿಸೈನ್ ಸಾಫ್ಟ್‌ವೇರ್ ಹಾಕಿಸಿಕೊಳ್ಳೋಣ ಎಂದು ನನಗೆ ಆತುರ. ಬಲ್ಲವನೊಬ್ಬ ಪುಕ್ಕಟೆ ಹಾಕಿಕೊಡುತ್ತೇನೆಂದು ಕೂತ. "ಮೊದಲು ಆಂಟಿವೈರಸ್ ಆಫ್ ಮಾಡಿ, ಇಲ್ಲಾಂದ್ರೆ ಕ್ರ್ಯಾಕ್ ತಗೊಳಲ್ಲ" ಅಂದ. ಮಾಡಿದೆ. ಸ್ವಲ್ಪ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಎನ್ನುವ ಒಂದು ಕಿಟಕಿ ಬಂತು. ಆಗಲಿ ಎಂದು ಒಳಗೆ ಹೋಗಿ ಊಟ ಮಾಡಿ ಬಂದೆ. ಅಪ್‌ಡೇಟ್ ಎನ್ನುವುದು ವೇಷ. ಆ ಮರೆಯಲ್ಲಿ ಅದು ಒಂದೊಂದೇ ಫೈಲ್‌ಗೆ ಬೀಗ ಜಡಿಯುತ್ತಿತ್ತು. ಬಂದು ನೋಡಿದರೆ ಹನ್ನೊಂದು ವರ್ಷದ ಲಗ್ನಪತ್ರಿಕೆ, ಕರಪತ್ರ, ಕ್ರಯಪತ್ರದ ನಮೂನೆ, ಎಲ್ಲದರ ಹೆಸರಿನ ಕೊನೆಗೂ ಅರ್ಥವಿಲ್ಲದ ಅದೇ ಒಂದು ಬಾಲ. ಪ್ರತಿ ಫೋಲ್ಡರ್‌ನಲ್ಲೂ 'ರೀಡ್‌ಮಿ' ಎಂಬ ಒಂದು ಚೀಟಿ: 980 ಡಾಲರ್ ಕೊಡು, 72 ಗಂಟೆಯೊಳಗೆ ಮಾತಾಡಿದರೆ 490 ಸಾಕು. ಅರ್ಧ ಅಂದರೂ ಆಗಿನ ಲೆಕ್ಕಕ್ಕೆ 33 ಸಾವಿರ ರೂಪಾಯಿಗೂ ಮೇಲೆ. ಸ್ಟಾಪ್ ಅಥವಾ ಡೆಜಾವು ಎಂದು ಕರೆಯುವ ರಾನ್ಸಮ್‌ವೇರ್ ಅದು. ಆ ವರ್ಷ ಲೋಕದ ತುಂಬ ಹರಡಿದ್ದೇ ಇಂಥ ಕ್ರ್ಯಾಕ್‌ಗಳ ಬೆನ್ನೇರಿ.

ಬ್ಯಾಕಪ್ ಇರಲಿಲ್ಲವೇ ಎಂದು ನೀನು ಕೇಳುತ್ತೀಯ. ಇತ್ತು. ಹೊರಗಿನ ಹಾರ್ಡ್ ಡಿಸ್ಕ್ ಯಂತ್ರದ ಹಿಂದೆ ಸಿಕ್ಕಿಸಿಯೇ ಇತ್ತು. ಅದಕ್ಕೂ ಬೀಗ ಬಿತ್ತು.

ದುಡ್ಡು ಕೊಡಲಿಲ್ಲ. ಕೊಟ್ಟರೆ ಬೀಗ ತೆಗೆಯುತ್ತಾರೆಂದು ಯಾವ ಭರವಸೆ? ಅಷ್ಟೇ ಅಲ್ಲ, ನಾನು ಕೊಟ್ಟ ದುಡ್ಡು ಇನ್ನೊಂದು ಊರಿನ ಅಂಗಡಿಗೆ ಬೆಂಕಿ ಹಚ್ಚುತ್ತದೆ. ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿಸಿದೆ. ಬೀಗ ಬಿದ್ದ ಆ ಡಿಸ್ಕನ್ನು ಮಾತ್ರ ಅಳಿಸಲು ಮನಸ್ಸು ಬರದೆ ಬೀರುವಿನಲ್ಲಿ ಇಟ್ಟಿದ್ದೆ. ಅದೇ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಎಂಬ ಸಂಸ್ಥೆ ಈ ರಾನ್ಸಮ್‌ವೇರ್‌ನ 148 ತಳಿಗಳಿಗೆ ಬೀಗ ತೆಗೆಯುವ ಸಾಧನವನ್ನು ಉಚಿತವಾಗಿ ಕೊಟ್ಟಿತು. ಹಳೆಯ ತಳಿಗಳಿಗೆ ಒಂದು ಷರತ್ತು: ಆಯಾ ಬಗೆಯ ಫೈಲ್‌ಗೆ, ಬೀಗ ಬೀಳುವ ಮುಂಚಿನದು ಒಂದು, ಬಿದ್ದ ಮೇಲಿನದು ಒಂದು, ಹೀಗೆ ಜೋಡಿ ಒಪ್ಪಿಸಬೇಕು. ಹಳೆಯ ಲಗ್ನಪತ್ರಿಕೆಗಳನ್ನು ಬರೆದಿಟ್ಟ ಒಂದು ಸಿಡಿ ಸಿಕ್ಕಿತು. ಅದರೊಳಗಿನ ಒಂದು ಪತ್ರಿಕೆಯನ್ನು ಜೋಡಿ ಮಾಡಿ ಕೊಟ್ಟೆ. ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಹೊತ್ತಿಗೆ ಆ ಬಗೆಯವು ಒಂದೊಂದಾಗಿ ತೆರೆದುಕೊಂಡವು. ಜೋಡಿ ಸಿಗದ ಕ್ರಯಪತ್ರಗಳು ಹಾಗೇ ಉಳಿದವು. ಆ ಡಿಸ್ಕ್ ಈಗಲೂ ಬೀರುವಿನಲ್ಲಿದೆ.

ಅದು ನನ್ನ ಪುಣ್ಯ. ಆ ಆಗಸ್ಟ್ ಕೊನೆಯಿಂದ ಆ ಕಳ್ಳರು ಬೀಗದ ವಿಧಾನವನ್ನೇ ಬಿಗಿ ಮಾಡಿಕೊಂಡರು, ಆಮೇಲಿನ ತಳಿಗಳಿಗೆ ಈ ಜೋಡಿ ಉಪಾಯ ನಡೆಯುವುದಿಲ್ಲ. ಆಂಟಿವೈರಸ್ ಆಫ್ ಮಾಡು ಎಂದು ಕೇಳುವುದು ಯಾವುದೇ ಆಗಲಿ, ಕೇಳುವವರು ಯಾರೇ ಆಗಲಿ, ಕುರ್ಚಿಯಿಂದ ಏಳಿಸು.

• ಕ್ರ್ಯಾಕ್ ಇಲ್ಲದೆ ಕೆಲಸ ನಡೆಯುತ್ತದೆಯೇ? ಅಂದಿನಿಂದಲೂ ನಡೆಸಿದ್ದೇನೆ, ನೀನೇ ಕಂಡಿದ್ದೀಯ. ಪತ್ರ, ಪಟ್ಟಿಗೆ ಲಿಬ್ರೆಆಫೀಸ್. ಚಿತ್ರದ ಕೆಲಸಕ್ಕೆ ಇಂಕ್‌ಸ್ಕೇಪ್. ಹಳೆಯ ಪೇಜ್‌ಮೇಕರ್ ಫೈಲ್ ಹಿಡಿದು ಯಾರಾದರೂ ಬಂದರೆ ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದು ನೋಡು. ಸಾಲುಗಳು ಅಲ್ಲಲ್ಲಿ ಜರುಗಿರುತ್ತವೆ, ಸರಿಮಾಡಿಕೊಳ್ಳಬೇಕು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಅದನ್ನೂ 'ಫ್ರೀ ಡೌನ್‌ಲೋಡ್' ಎಂಬ ಬಣ್ಣದ ಗುಂಡಿಗಳಿರುವ ಕಂಡಕಂಡ ತಾಣಗಳಿಂದ ಇಳಿಸಬೇಡ.

• ಪ್ರಿಂಟರ್, ಸ್ಕ್ಯಾನರ್, ಬೆರಳ ಗುರುತು ತೆಗೆಯುವ ಯಂತ್ರದ ಡ್ರೈವರ್ ಬೇಕಾದಾಗ ಗೂಗಲ್‌ನಲ್ಲಿ ಮೊದಲು ಬಂದದ್ದನ್ನು ಒತ್ತಬೇಡ. ಮೇಲೆ ಬರುವುದು ದುಡ್ಡು ಕೊಟ್ಟ ಜಾಹೀರಾತಾಗಿರಬಹುದು, ಕಂಪನಿಯ ಹೆಸರಿಟ್ಟುಕೊಂಡ ನಕಲಿ ಪುಟವೂ ಆಗಿರಬಹುದು. ಸರಿಯಾದ ವಿಳಾಸಗಳನ್ನು ನಾನು ಬ್ರೌಸರ್‌ನಲ್ಲಿ ಗುರುತು ಹಾಕಿಟ್ಟಿದ್ದೇನೆ, ಅಲ್ಲಿಂದಲೇ ಹೋಗು. ಬ್ಯಾಂಕ್ ವಿಷಯದಲ್ಲಿ ಒಂದು ಅನುಕೂಲ ಆಗಿದೆ. ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ನಮ್ಮ ದೇಶದ ಬ್ಯಾಂಕ್‌ಗಳು 'ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬಂದಿವೆ. ಆ ಕೊನೆ ಇಲ್ಲದಿದ್ದರೆ ಕೈ ತಡೆ.

• ಅಪ್‌ಡೇಟ್ ಬಂದರೆ 'ಆಮೇಲೆ' ಒತ್ತಿ ಒತ್ತಿ ಮುಂದೂಡಬೇಡ. 2017ರ ಮೇ 12ರಂದು ವಾನ್ನಕ್ರೈ ಎಂಬುದು ನೂರೈವತ್ತರಷ್ಟು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ನುಗ್ಗಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ನಿಂತವು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಎರಡು ತಿಂಗಳು ತೇಪೆ ಹಾಕದೆ ಕೂತವರು, ತೇಪೆಯೇ ಬರದಷ್ಟು ಹಳೆಯ ಯಂತ್ರ ಇಟ್ಟುಕೊಂಡವರು ಸಿಕ್ಕಿಬಿದ್ದರು. ಅರ್ಜಿಯ ಕೊನೆಯ ದಿನ ಬೆಳಿಗ್ಗೆ ಅಪ್‌ಡೇಟ್‌ಗೆ ಕೂರಬೇಡ, ಅಷ್ಟು ತಿಳಿವಳಿಕೆ ನಿನಗಿದೆ. ವಾರಕ್ಕೊಂದು ಸಂಜೆ ಇದಕ್ಕೇ ಇಡು.

ಒಳಕೋಣೆಯ ಹಳೆಯ ಕಂಪ್ಯೂಟರ್ ವಿಂಡೋಸ್ 10ರದ್ದು. ಅದಕ್ಕೆ ಎಲ್ಲರಿಗೂ ಸಿಗುತ್ತಿದ್ದ ಸುರಕ್ಷಾ ತೇಪೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹನ್ನೊಂದಕ್ಕೆ ಏರಿಸಲು ಅದರ ಪ್ರೊಸೆಸರ್ ಒಪ್ಪುವುದಿಲ್ಲ. ಅದರ ನೆಟ್ ವೈರ್ ಕಿತ್ತಿದ್ದೇನೆ, ಸ್ಕ್ಯಾನಿಂಗ್‌ಗೆ ಮಾತ್ರ ಇರಲಿ. ಯಾರು ಎಷ್ಟೇ ಅವಸರ ಮಾಡಿದರೂ ಆ ವೈರ್ ಮತ್ತೆ ಸಿಕ್ಕಿಸಬೇಡ.

• ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಖಾತೆ ತೆರೆದಿಟ್ಟಿದ್ದೇನೆ. ಅಡ್ಮಿನ್ ಪಾಸ್‌ವರ್ಡ್ ನಿನಗೆ ಬಾಯಿಮಾತಿನಲ್ಲಿ ಹೇಳುತ್ತೇನೆ, ಮಾನಿಟರ್‌ಗೆ ಚೀಟಿ ಅಂಟಿಸಬೇಡ. ಪರದೆ ಮಂಕಾಗಿ "ಈ ಪ್ರೋಗ್ರಾಂ ಬದಲಾವಣೆ ಮಾಡಲು ಬಿಡಬಹುದೇ" ಎಂದು ಕೇಳಿದಾಗ, ನೀನಾಗಿ ಏನನ್ನೂ ಹಾಕಲು ಹೊರಟಿರದಿದ್ದರೆ, ಉತ್ತರ 'ನೋ'.

• ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ನಮಗೆ ಸಾಕು. ಎರಡೆರಡು ಆಂಟಿವೈರಸ್ ಹಾಕಿದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ, ಯಂತ್ರ ತೆವಳುತ್ತದೆ. ಪರದೆ ತುಂಬ ಕೆಂಪಾಗಿ, ಸದ್ದು ಮಾಡುತ್ತಾ, "ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಬಂದರೆ ಅದು ಬರೀ ಒಂದು ವೆಬ್ ಪುಟ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ಬ್ರೌಸರನ್ನು ಮುಚ್ಚು. ಕರೆ ಮಾಡಿದರೆ ಅವರು ಎನಿಡೆಸ್ಕ್ ಹಾಕಿಸಿ ನಿನ್ನ ಮೌಸ್ ತಾವೇ ಹಿಡಿಯುತ್ತಾರೆ.

• ಈಚೆಗೆ ಬಂದದ್ದು ಇನ್ನೊಂದಿದೆ, ಇದಕ್ಕೆ ನಾನು ತುಂಬ ಹೆದರುತ್ತೇನೆ. "ನೀವು ರೋಬೋ ಅಲ್ಲ ಎಂದು ಸಾಬೀತು ಮಾಡಿ" ಎನ್ನುವ ಪೆಟ್ಟಿಗೆ ದಿನಾ ನೋಡುತ್ತೀಯಲ್ಲ, ಅದರ ಹಾಗೇ ಕಾಣುತ್ತದೆ. ಟಿಕ್ ಮಾಡಿದ ಮೇಲೆ "ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ" ಎನ್ನುತ್ತದೆ. ಅಷ್ಟು ಮಾಡಿದರೆ, ನಿನಗೆ ಕಾಣದಂತೆ ಕಾಪಿ ಆಗಿದ್ದ ಆಜ್ಞೆಯನ್ನು ನೀನೇ ನಿನ್ನ ಕೈಯಾರೆ ಓಡಿಸಿದ ಹಾಗೆ. ನಿಜವಾದ ಕ್ಯಾಪ್ಚಾ ಚಿತ್ರ ಆರಿಸು ಅನ್ನುತ್ತದೆ, ಅಕ್ಷರ ಟೈಪ್ ಮಾಡು ಅನ್ನುತ್ತದೆ. ವಿಂಡೋಸ್ ಕೀ ಒತ್ತು ಎಂದು ಕೇಳುವುದಿಲ್ಲ. ಸಂಜೆ ಹೊತ್ತು ಕೂರುವ ಹುಡುಗನಿಗೂ ಇದನ್ನು ತೋರಿಸಿ ಹೇಳು.

• ಗಿರಾಕಿಯ ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರ್ ಕೇಳಿದರೆ ಎಂದಿಗೂ 'ಹೂಂ' ಅನ್ನಬೇಡ. ಸದ್ದಿಲ್ಲದೆ ಬಂದು ಬ್ರೌಸರ್‌ನಲ್ಲಿ ಉಳಿದ ಪಾಸ್‌ವರ್ಡ್‌ಗಳನ್ನೂ ಲಾಗಿನ್ ಗುರುತುಗಳನ್ನೂ ಒಟ್ಟಿಗೆ ಎತ್ತಿಕೊಂಡು ಹೋಗುವ ಕಳ್ಳ ತಂತ್ರಾಂಶಗಳಿವೆ. ಯಂತ್ರ ನಿಧಾನವೂ ಆಗುವುದಿಲ್ಲ, ಚೀಟಿಯೂ ಇಡುವುದಿಲ್ಲ. ರಾನ್ಸಮ್‌ವೇರ್ ಆದರೂ ಬಂದೆ ಎಂದು ಹೇಳುತ್ತದೆ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಬಂದವರಿಗೆ ಪ್ರೈವೇಟ್ ವಿಂಡೋ ತೆಗೆದುಕೊಡು, ಕೆಲಸ ಮುಗಿದ ಕೂಡಲೇ ಮುಚ್ಚು. ವಾಟ್ಸಾಪ್ ವೆಬ್ ತೆರೆದವರು ಎದ್ದು ಹೋಗುವ ಮುಂಚೆ ಅವರ ಎದುರಿಗೇ ಲಾಗ್‌ಔಟ್ ಮಾಡಿಸು. ನಿನ್ನ ಸ್ವಂತ ಬ್ಯಾಂಕ್ ವ್ಯವಹಾರ ಅಂಗಡಿಯ ಯಂತ್ರದಲ್ಲಿ ಬೇಡ.

• ನಾವು ಲಗ್ನಪತ್ರಿಕೆ ಮಾಡುವವರು, ಆದ್ದರಿಂದ ಇದು ನಮಗೆ ಸೇರಿದ ಮಾತು. ಮದುವೆಯ ಕರೆಯೋಲೆ ಎಂದು ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಕಳಿಸುವ ಮೋಸ ದೇಶದಲ್ಲೆಲ್ಲ ನಡೆಯುತ್ತಿದೆ. ಟ್ರಾಫಿಕ್ ದಂಡದ ಚಲನ್ ಎಂದೂ ಬರುತ್ತದೆ. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿಗೆ ಹಾಕುವ ಆ್ಯಪ್. ಹಾಕಿಕೊಂಡರೆ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ, ಕೊಟ್ಟರೆ ಒಟಿಪಿ ಕಳ್ಳರ ಕೈಗೆ. ಬಲ್ಲವರ ನಂಬರಿನಿಂದಲೇ ಬರುತ್ತದೆ, ಯಾಕೆಂದರೆ ಅವರ ಫೋನ್ ಆಗಲೇ ಆ ಕಳ್ಳರ ಕೈಗೆ ಬಿದ್ದಿರುತ್ತದೆ. ಲಗ್ನಪತ್ರಿಕೆ ಮಾಡಿಸಿದವರಿಗೆ ಚಿತ್ರ ಇಲ್ಲವೇ ಪಿಡಿಎಫ್ ಕೊಡುವಾಗ "ಇದು ಬಿಟ್ಟು ಬೇರೆ ಬಗೆಯ ಪತ್ರಿಕೆ ಬಂದರೆ ತೆರೆಯಬೇಡಿ ಅಂತ ನೆಂಟರಿಗೆ ಹೇಳಿ" ಎಂದು ಒಂದು ಮಾತು ಸೇರಿಸು. ವಯಸ್ಸಾದವರು ಬಂದು ಫೋನ್ ಮುಂದೆ ಚಾಚಿ "ಇದೇನು ನೋಡಮ್ಮ" ಅಂದರೆ, ಎಷ್ಟೇ ಕೆಲಸ ಇರಲಿ, ನೋಡಿ ಹೇಳು. ಅದಕ್ಕೆ ದುಡ್ಡು ತಗೋಬೇಡ.

• ಇಷ್ಟೆಲ್ಲ ಮಾಡಿಯೂ ಒಂದು ದಿನ ಬಂದೇಬಿಟ್ಟರೆ: ಮೊದಲು ನೆಟ್ ವೈರ್ ಕೀಳು, ಸಿಕ್ಕಿಸಿದ ಡಿಸ್ಕ್, ಪೆನ್‌ಡ್ರೈವ್ ಎಲ್ಲ ತೆಗೆ. ಪರದೆಯ ಫೋಟೊ ಹೊಡೆದುಕೋ. ಬೀಗ ಬಿದ್ದ ಫೈಲ್ ಅಳಿಸಬೇಡ, 'ನೋ ಮೋರ್ ರಾನ್ಸಮ್' ಎಂಬ ತಾಣದಲ್ಲಿ ಉಚಿತ ಸಾಧನ ಇದೆಯೇ ನೋಡು. ಯುರೋಪಿನ ಪೊಲೀಸರೂ ಭದ್ರತಾ ಕಂಪನಿಗಳೂ ಸೇರಿ 2016ರಿಂದ ನಡೆಸುತ್ತಿರುವುದು ಅದು. ಪಾಸ್‌ವರ್ಡ್‌ಗಳನ್ನು ಬೇರೆ ಯಂತ್ರದಿಂದ ಬದಲಿಸು. ಯಾರದಾದರೂ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡು, ಜಿಲ್ಲೆಯ ಸೈಬರ್ ಠಾಣೆಗೂ ಹೋಗು.

ಆಮೇಲೆ ಆ ವಾರ ಬಂದುಹೋದ ಗಿರಾಕಿಗಳಿಗೆ ಹೇಳು. 2012ರಲ್ಲಿ ನಾನು ಹೇಳಲಿಲ್ಲ. ಅಂಗಡಿಯ ಹೆಸರು ಹೋಗುತ್ತದೆಂದು ಹೆದರಿ, ಬಂದು ಕೇಳಿದವರಿಗಷ್ಟೇ ಸರಿಮಾಡಿಕೊಟ್ಟೆ. ಅದು ತಪ್ಪು, ಇವತ್ತಿಗೂ ಚುಚ್ಚುತ್ತದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಗೇ ಹೀಗಾಗಿ, ಸುಮಾರು ಎರಡು ವಾರ ಚೀಟಿಗಳನ್ನು ಕೈಯಲ್ಲಿ ಬರೆದರು. ದೇಶಕ್ಕೆಲ್ಲ ಗೊತ್ತಾಯಿತು, ಜನ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ.

• ಕೊನೆಗೆ ಬ್ಯಾಕಪ್. ಎರಡು ಡಿಸ್ಕ್ ಇವೆ. ಕಪ್ಪು ಡಿಸ್ಕ್ ಅಂಗಡಿಯ ಬೀರುವಿನ ಮೇಲಿನ ಅರೆಯಲ್ಲಿ, ನೀಲಿಯದು ಮನೆಯಲ್ಲಿ ಅಕ್ಕಿ ಡಬ್ಬಿ ಪಕ್ಕದ ಟಿನ್ನಿನಲ್ಲಿ. ಬುಧವಾರ ಕಪ್ಪಿಗೆ, ಶನಿವಾರ ನೀಲಿಗೆ. ಕಾಪಿ ಮುಗಿದ ಮೇಲೆ ಒಂದು ನಿಮಿಷವೂ ಸಿಕ್ಕಿಸಿ ಬಿಡಬೇಡ. ತಿಂಗಳಿಗೊಮ್ಮೆ ಯಾವುದಾದರೂ ನಾಲ್ಕು ಫೈಲ್ ಅದರಿಂದಲೇ ತೆರೆದು ನೋಡು. ಗಿರಾಕಿಗಳ ಆಧಾರ್, ಪಾಸ್‌ಬುಕ್ ಪ್ರತಿಗಳನ್ನು ಬ್ಯಾಕಪ್‌ಗೆ ಸೇರಿಸಬೇಡ. ಅವು ಅದೇ ಸಂಜೆ ಅಳಿಸಿಹೋಗಬೇಕು, ರೀಸೈಕಲ್ ಬಿನ್ನಿನಿಂದಲೂ.

ಇವತ್ತು ಶನಿವಾರ. ನೀಲಿ ಡಿಸ್ಕ್ ನನ್ನ ಚೀಲದಲ್ಲಿದೆ, ಸಂಜೆ ತರುತ್ತೇನೆ. ಬಾಗಿಲು ಹಾಕುವ ಮುಂಚೆ ನೀನೇ ಕಾಪಿ ಮಾಡು, ನಾನು ಪಕ್ಕದಲ್ಲಿ ಕೂತಿರುತ್ತೇನೆ.